ಕೆಂಪು ಶಾಯಿಯ ಹಿಂಬಾಲಕ

ಹದಿನೆಂಟನೇ ತಾರೀಖು, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಠಾಣೆಗೆ ಬಂದ ಮಹಿಳೆ ಕುರ್ಚಿ ತೋರಿಸಿದರೂ ಕೂರಲಿಲ್ಲ. ಕಂದು ಲಕೋಟೆಯೊಂದನ್ನು ಮೇಜಿನ ಮೇಲಿಟ್ಟು, ಅದೆಲ್ಲಿ ಕಚ್ಚೀತೋ ಎಂಬಂತೆ ಎರಡು ಹೆಜ್ಜೆ ಹಿಂದೆ ಸರಿದಳು. ವಯಸ್ಸು ಮೂವತ್ತೆಂಟು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮನೆಯಲ್ಲಿ ಅವಳು ಮತ್ತು ಒಂದು ಬೆಕ್ಕು.

“ನಿನ್ನೆ ಸಂಜೆ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋಗಿದ್ದಾರೆ. ಸಹಿ ಇಲ್ಲ, ಹೆಸರಿಲ್ಲ.”

ಇನ್‌ಸ್ಪೆಕ್ಟರ್ ಮೇಡಮ್ ಲಕೋಟೆ ಬಿಚ್ಚಿದರು. ಮುದ್ರಿಸಿದ ನಲವತ್ತಾರು ಹಾಳೆ. ಎರಡು ವರ್ಷಗಳಲ್ಲಿ ಆಕೆ ಅಂತರ್ಜಾಲದ ಮೂರು ವೇದಿಕೆಗಳಲ್ಲಿ ಬರೆದದ್ದೆಲ್ಲ ಅದರಲ್ಲಿತ್ತು. ಬೆಕ್ಕು ಸಾಕುವವರದ್ದು ಒಂದು, ಕುಂಡದ ಗಿಡಗಳದ್ದು ಇನ್ನೊಂದು, ನಿದ್ರೆ ಬಾರದವರದ್ದು ಮತ್ತೊಂದು. ಪ್ರತಿ ಹಾಳೆಯ ಮೇಲೂ ಕೆಂಪು ಶಾಯಿಯ ಸುಳಿ, ಕೊಕ್ಕೆ, ಓರೆಗೆರೆ.

“ಮೂರು ಕಡೆ ಮೂರು ಸುಳ್ಳು ಹೆಸರು ಇಟ್ಕೊಂಡಿದ್ದೆ ಮೇಡಮ್. ಮೂರೂ ನಾನೇ ಅಂತ ನಮ್ಮಕ್ಕನಿಗೂ ಗೊತ್ತಿಲ್ಲ.”

ಠಾಣೆಯ ದಫೇದಾರ ಕತ್ತು ಉದ್ದ ಮಾಡಿ ನೋಡಿದ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಸೈಕಲ್ ಕಳ್ಳರೇ ಹೆಚ್ಚು ಸಿಕ್ಕಿದ್ದರಿಂದ ದೊಡ್ಡ ಕೇಸಿಗಾಗಿ ಅವನ ಜೀವ ಬಾಯಿಬಿಡುತ್ತಿತ್ತು.

“ಮೇಡಮ್, ಇದು ಸಂಕೇತ ಭಾಷೆ. ಮೊದಲನೇ ಹಾಳೆಯಲ್ಲಿ ಹದಿನೇಳು ಸುಳಿ ಇವೆ. ಹದಿನೇಳನೇ ತಾರೀಖು ಏನೋ ನಡೆಯುತ್ತೆ.”

“ಇವತ್ತು ಹದಿನೆಂಟು ರೀ.”

ದಫೇದಾರ ಒಂದು ಗಳಿಗೆ ಯೋಚಿಸಿದ. “ಹಾಗಾದ್ರೆ ನಡೆದೇಬಿಟ್ಟಿದೆ.”

ಆಕೆ ಹೇಳಿದ ಪ್ರಕಾರ, ಅಂತರ್ಜಾಲದಲ್ಲಿ ಹಿಂಬಾಲಿಸುತ್ತಿದ್ದವನು ತನ್ನನ್ನು ‘ಓದುಗ’ ಎಂದು ಕರೆದುಕೊಂಡಿದ್ದ. ಏಳು ತಿಂಗಳ ಹಿಂದೆ ಗಿಡದ ವೇದಿಕೆಯಲ್ಲಿ ಕಾಣಿಸಿಕೊಂಡಿದ್ದ. ಎರಡು ವಾರಕ್ಕೆ ಬೆಕ್ಕಿನ ವೇದಿಕೆಗೆ ಬಂದ, ಆಮೇಲೆ ನಿದ್ರೆಯ ವೇದಿಕೆಗೂ. ಆಕೆ ಹೆಸರು ಬದಲಿಸಿದಳು. ನಾಲ್ಕೇ ದಿನದಲ್ಲಿ ಪತ್ತೆ ಹಚ್ಚಿದ. ಬೈಗುಳ ಇಲ್ಲ, ಅಶ್ಲೀಲ ಇಲ್ಲ. ಅವಳು ಬರೆದದ್ದರ ಕೆಳಗೆ ಒಂದೊಂದು ಸಾಲು, ಕಾಗುಣಿತ ತಿದ್ದಿ.

ಕೊನೆಗೆ ಆಕೆ ಅವನಿಗೆ ಬರೆದಿದ್ದ ಸಂದೇಶವನ್ನು ಮೊಬೈಲಿನಲ್ಲಿ ತೋರಿಸಿದಳು. ‘ದಯವಿಟ್ಟು ನನ್ನ ಹಿಂದೆ ಬರಬೇಡಿ. ನನಗೆ ಬಯವಾಗುತ್ತಿದೆ.’

ಐದು ನಿಮಿಷಕ್ಕೆ ಉತ್ತರ ಬಂದಿತ್ತು. ‘ಭಯ. ಮಹಾಪ್ರಾಣ.’

ದಫೇದಾರನಿಗೆ ನಗು ಉಕ್ಕಿತು. ಅಷ್ಟರಲ್ಲಿ ಆಕೆ ಮತ್ತೆ ಬಾಗಿಲ ಕಡೆ ತಿರುಗಿ ನೋಡಿದ್ದು ಕಂಡು ನಗುವನ್ನು ನುಂಗಿಕೊಂಡ.

“ಅವತ್ತೇ ಬ್ಲಾಕ್ ಮಾಡಿದೆ. ಮೂರು ವಾರದಿಂದ ಬಾಗಿಲಿಗೆ ಮೇಜು ಅಡ್ಡ ಇಟ್ಟು ಮಲಗ್ತಿದ್ದೀನಿ,” ಎಂದಳು ಆಕೆ. “ಈಗ ಮನೆಗೇ ಬಂದಿದ್ದಾನೆ.”

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ವೇದಿಕೆಗಳನ್ನು ನಡೆಸುವ ಕಂಪನಿಗೆ ಮೇಡಮ್ ಮಾಹಿತಿ ಕೋರಿ ಪತ್ರ ಕಳಿಸಿದರು. ಉತ್ತರಕ್ಕೆ ಮೂರು ವಾರ ಬೇಕು ಎಂಬ ಉತ್ತರ ಮಾತ್ರ ಕೂಡಲೇ ಬಂತು.

ಮಧ್ಯಾಹ್ನವೆಲ್ಲ ಮೇಡಮ್ ನಲವತ್ತಾರು ಹಾಳೆ ಓದಿ, ಬೇರೆ ಕಾಗದದಲ್ಲಿ ಟಿಪ್ಪಣಿ ಮಾಡಿದರು. ಮೂರನೇ ಮಹಡಿ, ಎದುರಿಗೆ ಹಳದಿ ನೀರಿನ ಟ್ಯಾಂಕು: ಇದು ಗಿಡದವರಿಗೆ ಹೇಳಿದ್ದು. ಪಶುವೈದ್ಯರ ಕ್ಲಿನಿಕ್ಕಿನಿಂದ ನಾಲ್ಕನೇ ಕಟ್ಟಡ: ಬೆಕ್ಕಿನವರಿಗೆ. ಸಂಜೆ ಆರೂಕಾಲಿಗೆ ಮನೆ ಸೇರಿದರೆ ಒಬ್ಬಳೇ: ನಿದ್ರೆ ಬಾರದವರಿಗೆ.

ದೂರಿನಲ್ಲಿದ್ದ ವಿಳಾಸವನ್ನು ಮರೆಮಾಡಿ ಟಿಪ್ಪಣಿಯನ್ನು ದಫೇದಾರನ ಕೈಗೆ ಕೊಟ್ಟರು. “ಇಷ್ಟನ್ನೇ ಹಿಡ್ಕೊಂಡು ಮನೆ ಹುಡುಕಿ.”

ನಲವತ್ತು ನಿಮಿಷಕ್ಕೆ ಅವನು ವಾಪಸಾದ. “ಸಿಕ್ತು ಮೇಡಮ್. ಕಿಟಕಿಯಿಂದ ಬೆಕ್ಕು ನನ್ನನ್ನೇ ನೋಡ್ತಿತ್ತು.” ಆಮೇಲೆ ಮೂಲೆಗೆ ಹೋಗಿ, ಹೊಸ ಬೈಕಿನ ಜೊತೆ ಮನೆಮುಂದೆ ನಿಂತು ತೆಗೆಸಿಕೊಂಡಿದ್ದ ಫೋಟೊವನ್ನು ಸದ್ದಿಲ್ಲದೆ ಅಂತರ್ಜಾಲದಿಂದ ಅಳಿಸಿದ.

ಮಂಗಳವಾರ ಬೆಳಿಗ್ಗೆ ಮೇಡಮ್ ಹಾಳೆಗಳನ್ನು ಪಕ್ಕದ ಬೀದಿಯ ಮುದ್ರಣಾಲಯಕ್ಕೆ ಒಯ್ದರು. ಮಾಲೀಕ ಕನ್ನಡಕ ಏರಿಸಿ ನೋಡಿದವನೇ ನಗತೊಡಗಿದ.

“ಸಂಕೇತವೂ ಇಲ್ಲ, ಮಣ್ಣೂ ಇಲ್ಲ ಮೇಡಮ್. ಪ್ರೂಫ್ ತಿದ್ದೋ ಗುರುತು. ಈ ಸುಳಿ ಅಂದ್ರೆ ಅಕ್ಷರ ತೆಗೀರಿ ಅಂತ. ಸುಳಿಗೆ ಹೀಗೆ ಬಾಲ ಬಿಡೋರು ಒಬ್ಬರೇ. ನಮ್ಮ ಒತ್ತಪ್ಪ.”

“ಯಾರು ಒತ್ತಪ್ಪ?”

“ಪತ್ರಿಕೆಯಲ್ಲಿ ಪ್ರೂಫ್ ನೋಡ್ತಿದ್ರು. ಒಂದು ಒತ್ತಕ್ಷರ ಬಿಟ್ರೂ ಬಿಡ್ತಿರಲಿಲ್ಲ, ಅದಕ್ಕೇ ಆ ಹೆಸರು. ಪತ್ರಿಕೆ ಮುಚ್ಚಿ ನಾಲ್ಕು ವರ್ಷ ಆಯ್ತು. ಮನೆ ಔಷಧಿ ಅಂಗಡಿ ಮೇಲೆ. ನನ್ನ ಬೋರ್ಡನ್ನೂ ಮೂರು ಸಲ ಬರೆಸಿದ್ದಾರೆ ಮಹಾರಾಯರು.”

ಸಂಜೆ ನಾಲ್ಕೂವರೆಗೆ ಆ ಮನೆಯ ಬಾಗಿಲು ತೆರೆದವರು ಒತ್ತಪ್ಪನ ಹೆಂಡತಿ. ಖಾಕಿ ಬಟ್ಟೆ ನೋಡಿ ನಿಟ್ಟುಸಿರು ಬಿಟ್ಟರು. “ಈ ಸಲ ಯಾರದ್ದು ತಿದ್ದಿದ್ರು?”

ಒಳಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಅರವತ್ತಾರರ ಮನುಷ್ಯ ಎದ್ದು ನಿಂತ. ಜೇಬಿನಲ್ಲಿ ಕೆಂಪು ಪೆನ್ನು.

“ಈ ಲಕೋಟೆ ನಿಮ್ಮದಾ?”

“ನನ್ನದೇ. ಅವರಿಗೆ ತಲುಪಿತಾ?”

“ಮೂರು ಹೆಸರೂ ಒಬ್ಬರದೇ ಅಂತ ಹೇಗೆ ಗೊತ್ತಾಯ್ತು?”

“ಹೆಸರು ಬದಲಾಯಿಸಿದ್ರು, ತಪ್ಪು ಬದಲಾಯಿಸಲಿಲ್ಲ. ಇಷ್ಟಕ್ಕೆ ‘ಇಸ್ಟ’ ಅಂತ ಬರೆಯೋರು ಬಹಳ ಜನ. ಆದ್ರೆ ಕಷ್ಟ ಸರಿಯಾಗಿ ಬರೆದು ಇಷ್ಟ ಮಾತ್ರ ತಪ್ಪು ಬರೆಯೋರು ಅವರೊಬ್ಬರೇ.”

“ಮನೆಗೆ ಯಾಕೆ ಹೋದ್ರಿ?”

“ನನ್ನನ್ನ ಬ್ಲಾಕ್ ಮಾಡಿದ್ರು. ಕೆಲಸ ಮುಗಿದಿತ್ತು, ತಲುಪಿಸಬೇಕಲ್ಲ.”

“ಎಷ್ಟು ಸಲ ಹೋಗಿದ್ರಿ?”

“ಆರು ಸಲ. ಐದು ಸಲ ಟ್ಯಾಂಕಿನ ಹತ್ರ ನಿಂತು ವಾಪಸ್ ಬಂದೆ. ಅವರು ಬರೋ ಹೊತ್ತು ಖಾತ್ರಿ ಮಾಡ್ಕೋಬೇಕಿತ್ತು.”

ಬರೆದುಕೊಳ್ಳುತ್ತಿದ್ದ ದಫೇದಾರನ ಪೆನ್ನು ನಿಂತಿತು. ಹೆಂಡತಿ ಗೋಡೆಗೆ ಕೈಯೂರಿದರು. ಟ್ಯಾಂಕಿನ ಸುದ್ದಿ ಅವರಿಗೂ ಹೊಸದು.

ಮೇಡಮ್ ಸಂದೇಶದ ಪ್ರತಿಯನ್ನು ಮುಂದೆ ಹಿಡಿದರು. “ಓದಿ.”

“ಬಯ ಅಲ್ಲ, ಇಲ್ಲಿ...” ಎಂದವನು ಅವರ ಮುಖ ನೋಡಿ ನಿಲ್ಲಿಸಿದ.

“ಒಂಟಿ ಹೆಣ್ಣುಮಗಳು ಹೆದರಿ, ಬರಬೇಡಿ ಅಂತ ಕೈಮುಗಿದಿದ್ದಾಳೆ. ನಿಮಗೆ ಕಂಡದ್ದು ಒಂದು ಅಕ್ಷರ.”

ಅವನು ಮತ್ತೆ ಓದಿದ, ಈ ಸಲ ನಿಧಾನವಾಗಿ. ಕನ್ನಡಕ ತೆಗೆದ.

“ಪ್ರೂಫ್ ನೋಡುವಾಗ ಅರ್ಥದ ತಂಟೆಗೆ ಹೋಗಬಾರದು ಅಂತ ಕಲಿಸಿದ್ರು,” ಎಂದ. “ಅರ್ಥ ಹಿಡಿದ್ರೆ ತಪ್ಪು ಕೈಬಿಟ್ಟುಹೋಗುತ್ತೆ.”

ಕೆಳಗಿನ ಔಷಧಿ ಅಂಗಡಿಯವನು, ಕಟ್ಟಡದ ಲಿಫ್ಟ್ ರಿಪೇರಿಗೆ ಬಂದಿದ್ದವನು ಶೋಧಕ್ಕೆ ಸಾಕ್ಷಿಗಳಾಗಿ ಪಂಚರಾದರು. ಮೊಬೈಲು, ಮುದ್ರಣ ಯಂತ್ರ, ಮೂರು ಕೆಂಪು ಪೆನ್ನು ಮತ್ತು ಅಪರಿಚಿತರ ಬರಹಗಳ ಇನ್ನೂ ಹನ್ನೊಂದು ಫೈಲು ಸಿಕ್ಕವು. ದಫೇದಾರ ಬರೆದ ಪಂಚನಾಮೆಯನ್ನು ಓದಲು ಕೊಟ್ಟಾಗ ಒತ್ತಪ್ಪನ ಕೈ ಜೇಬಿಗೆ ಹೋಯಿತು. ಜೇಬು ಖಾಲಿ. ಅವನು ಬೆವರತೊಡಗಿದ.

“ಏನು?” ಎಂದ ದಫೇದಾರ.

“ಏನಿಲ್ಲ.”

“ಹೇಳಿಬಿಡಿ,” ಎಂದರು ಹೆಂಡತಿ. “ಇಲ್ಲಾಂದ್ರೆ ಲಾಕಪ್ಪಲ್ಲೂ ಹೊರಳಾಡ್ತೀರಿ.”

“ವಷಪಡಿಸಿಕೊಳ್ಳಲಾಗಿದೆ ಅಂತಿದೆ. ಷಟ್ಕೋನದ ಷ ಅಲ್ಲ, ಶಾಲೆಯ ಶ.”

ದಫೇದಾರ ಮುಖ ಕಪ್ಪಿಟ್ಟುಕೊಂಡು ತಿದ್ದಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ. ಆರು ಗಂಟೆ ಹತ್ತು ನಿಮಿಷಕ್ಕೆ ಬಂಧನವಾಯಿತು.

ಮರುದಿನ ನ್ಯಾಯಾಲಯ ಜಾಮೀನು ಕೊಟ್ಟಿತು. ಆಕೆಯ ಮನೆಯ ಹತ್ತಿರವಾಗಲಿ, ಆಕೆ ಬರೆಯುವ ಕಡೆಯಾಗಲಿ ಸುಳಿಯಕೂಡದೆಂಬುದು ಷರತ್ತು. ಮೇಡಮ್ ತಾವೇ ಲ್ಯಾಬಿಗೆ ಹೋಗಿ ವಿಷಯ ತಿಳಿಸಿದರು.

“ನನ್ನ ಮೇಲೆ ಏನು ಸಿಟ್ಟಿತ್ತಂತೆ ಅವರಿಗೆ?”

“ಸಿಟ್ಟೇನೂ ಇರಲಿಲ್ಲ.”

“ಸಿಟ್ಟಿದ್ದಿದ್ರೆ ಅರ್ಥವಾದ್ರೂ ಆಗ್ತಿತ್ತು,” ಎಂದಳು ಆಕೆ. ಅಂದು ಸಂಜೆ ಟ್ಯಾಂಕು, ಕ್ಲಿನಿಕ್ಕು, ಹೊತ್ತುಗೊತ್ತು ಇದ್ದ ಬರಹಗಳನ್ನೆಲ್ಲ ಅಳಿಸಿದಳು. ಬೆಕ್ಕಿನ ತುಂಟತನಗಳನ್ನು ಉಳಿಸಿಕೊಂಡಳು. ಮೇಜು ಇನ್ನೊಂದು ವಾರ ಬಾಗಿಲಲ್ಲೇ ಇತ್ತು.

ಅಷ್ಟು ಜನರಲ್ಲಿ ಅವಳ ಹಿಂದೆಯೇ ಮನೆಯವರೆಗೆ ಏಕೆ ಹೋದಿರಿ ಎಂದು ಮೇಡಮ್ ಒತ್ತಪ್ಪನನ್ನು ಕೇಳಿದ್ದರು. ಹೇಳಿಕೆಯ ಕೊನೆಯ ಪುಟದಲ್ಲಿ ಅವನ ಉತ್ತರವಿದೆ. ಮೂವತ್ತೊಂದು ವರ್ಷ ಅವನು ಪತ್ರಿಕೆ ತಿದ್ದಿದ್ದ. ತಪ್ಪು ಉಳಿದ ದಿನ ಸಂಪಾದಕರು ಕರೆದು ಬೈಯುತ್ತಿದ್ದರು. ತಪ್ಪಿಲ್ಲದ ದಿನ ಅವನೊಬ್ಬ ಇದ್ದಾನೆಂಬುದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಏಳು ತಿಂಗಳ ಹಿಂದೆ ಮೊದಲ ಸಲ ಅವಳ ಒಂದು ಪದ ತಿದ್ದಿದಾಗ, ಅವಳು ಕೆಳಗೆ ‘ಥ್ಯಾಂಕ್ಸ್ ಸರ್, ಗೊತ್ತಿರಲಿಲ್ಲ’ ಎಂದು ಬರೆದಿದ್ದಳಂತೆ.