ಮಧುರಾಳ ಹೆಸರಿನ ಉತ್ತರ ಪತ್ರಿಕೆ

ಮೇ ೧೪, ೨೦೨೪. ಮಧ್ಯಾಹ್ನ ೨.೪೦. ಛತ್ರಪತಿ ಸಂಭಾಜಿನಗರದ ಠಾಣೆಗೆ ಪರೀಕ್ಷಾ ಮೇಲ್ವಿಚಾರಕ ಉತ್ಕರ್ಷ ದೇಶಮುಖ ಏದುಸಿರು ಬಿಡುತ್ತ ಬಂದರು. ಎಂ.ಎ. ಇಂಗ್ಲಿಷ್ ಅಂತಿಮ ವರ್ಷದ ಸಾಹಿತ್ಯ ವಿಮರ್ಶೆಯ ಪತ್ರಿಕೆ ಬರೆಯಲು ಮಧುರಾ ಕಟ್ಟಿ ಎಂಬ ಇಪ್ಪತ್ನಾಲ್ಕರ ಹುಡುಗಿಯ ಬದಲು ಬೇರೆ ಯಾರೋ ಕೂತಿದ್ದರು. ಪ್ರವೇಶ ಪತ್ರದ ಫೋಟೊ ಹೋಲುತ್ತಿಲ್ಲವೆಂದು ಇವರಿಗೆ ಹೊಳೆದದ್ದು ಕೊನೆಯ ಗಂಟೆ ಬಾರಿಸಿದಾಗ. ಆಧಾರ್ ಕಾರ್ಡ್ ತರುತ್ತೇನೆಂದು ಹೊರಟ ಹೆಂಗಸು ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡು ಗೇಟು ದಾಟಿದ್ದಳು. ಮೂರು ಗಂಟೆ ಕಾವಲು ಕಾದವರಿಗೆ ಏನನ್ನೋಣ!

ಇನ್‌ಸ್ಪೆಕ್ಟರ್ ಸುಧೀರ ಹಿರೇಮಠ ಎಫ್‌ಐಆರ್ ದಾಖಲಿಸಿ, ಪಂಚನಾಮೆ ಮಾಡಿ ಉತ್ತರ ಪತ್ರಿಕೆಯನ್ನು ವಶಕ್ಕೆ ಪಡೆದರು. ದುಡ್ಡಿಗೆ ಪರೀಕ್ಷೆ ಬರೆಯುವ ಯಾವುದೋ ತಂಡದ ಕೈವಾಡವೆಂದೇ ಅವರ ಗುಮಾನಿ. ಆದರೆ ಮೊದಲ ಪುಟದ ಮೇಲ್ತುದಿಯಲ್ಲಿ ಪೆನ್ಸಿಲ್ಲಿನ ಸಣ್ಣ ಬರಹವಿತ್ತು: ಕನ್ನಡದಲ್ಲಿ 'ಶ್ರೀ'. ಗಡಿಯ ಅಕ್ಕಲಕೋಟೆ ಕಡೆಯ ಕನ್ನಡಿಗ ಸುಧೀರರಿಗೆ ಅದು ಹೊಸದಲ್ಲ. ಅವರ ತಾಯಿ ಕಿರಾಣಿ ಚೀಟಿಯನ್ನೂ ಶ್ರೀ ಹಾಕದೆ ಬರೆದವರಲ್ಲ.

ಮೇ ೧೫, ಬೆಳಿಗ್ಗೆ ೧೦. ನಾಸಿಕ್, ಪ್ರವೇಶ ಪತ್ರದಲ್ಲಿದ್ದ ವಿಳಾಸ. ಮಧುರಾಳ ತಂದೆ ರಘೋತ್ತಮ, ಓಝರ್ ಹತ್ತಿರದ ವಿಮಾನ ಕಾರ್ಖಾನೆಯ ತಂತ್ರಜ್ಞ, ಪಾಳಿಗೆ ಹೋಗಿದ್ದರು. ಮನೆಯಲ್ಲಿ ಆಫೀಸಿಗೆ ಹೊರಟುನಿಂತ ಮಧುರಾ ಮತ್ತು ತಾಯಿ ಗೀತಾ. ಸುಧೀರರ ಜೊತೆಗೆ ಬಂದ ಕಾನ್‌ಸ್ಟೇಬಲ್ ಶರ್ಮಿಳಾ ಬಾಗಿಲಲ್ಲೇ ನಿಂತಳು.

"ನಿನ್ನೆ ಎಲ್ಲಿದ್ರಿ?" ಸುಧೀರ ಮಧುರಾಳನ್ನು ಕೇಳಿದರು.

"ಎಕ್ಸಾಮ್‌ಗೆ."

"ನಿಮ್ಮ ಆಫೀಸಿನ ಹಾಜರಿ ಬ್ಯಾರೆ ಹೇಳತದ. ಯಾರನ್ನ ಕಳಿಸಿದ್ರಿ?"

ಮುಂದಿನ ತಿಂಗಳು ಮಧುರಾಳಿಗೆ ಬ್ಯಾಂಕ್ ಪರೀಕ್ಷೆಯಿತ್ತು. ಈ ಕೇಸು ನಿಂತರೆ ಅದಕ್ಕೆ ಕೂರುವುದೇ ಅನುಮಾನ.

"ಕನ್ನಡ ಬರೀಲಿಕ್ಕೆ ಬರತದೇನು?" ಸುಧೀರ ಅವಳನ್ನೇ ಕೇಳಿದರು.

"ಸಮಜ್ತದ. ಥೋಡಾ ಮಾತಾಡ್ತೀನಿ. ಬರೀಲಿಕ್ಕೆ ಬರೂದಿಲ್ಲ, ಸರ್."

ಸುಧೀರ ಗೀತಾರತ್ತ ಒಂದು ಹಾಳೆ ಸರಿಸಿದರು. "ನಿನ್ನೆ ನೀವು ಎಲ್ಲಿದ್ರಿ, ಬರದು ಕೊಡ್ರಿ."

ಗೀತಾ ಪೆನ್ನು ಹಿಡಿದರು. ಹಾಳೆಯ ಮೇಲ್ತುದಿಯಲ್ಲಿ ಸಣ್ಣಗೆ ಶ್ರೀ ಬರೆದರು. ಇನ್‌ಸ್ಪೆಕ್ಟರರ ಕಣ್ಣು ಅಲ್ಲೇ ನೆಟ್ಟಿದ್ದನ್ನು ಕಂಡು ಅವರ ಕೈ ನಿಂತುಹೋಯಿತು.

"ನಾನಽ ಬರದೇನ್ರಿ," ಎಂದರು. "ಹ್ವಾದ ವರ್ಷದ್ದೂ ನಾನಽ. ಆಕಿ ಬ್ಯಾಡ ಬ್ಯಾಡ ಅಂದಿದ್ಳು. ಕೇಸಿನ್ಯಾಗಿಂದ ಆಕೀ ಹೆಸರು ತಗೀರಿ."

"ಬರದವ್ರು ನೀವು ಖರೆ. ಪೇಪರಿನ ಮ್ಯಾಲೆ ಹೆಸರು ಆಕೀದದ."

೧೨.೧೫ಕ್ಕೆ ಇಬ್ಬರ ಬಂಧನವಾಯಿತು. ಗೀತಾ ಧಾರವಾಡದಲ್ಲಿ ಬಿ.ಎ. ಕೊನೆಯ ವರ್ಷ ಓದುವಾಗ ಪರೀಕ್ಷೆಯ ವಾರದಲ್ಲೇ ಮದುವೆಯ ಮುಹೂರ್ತ ಇಟ್ಟಿದ್ದರು. ಪದವಿಯಿಲ್ಲದವರಿಗೆ ಎಂ.ಎ. ಬಾಗಿಲು ತೆರೆಯದು. ಮಗಳಿಗೆ ಪದವಿಯಿತ್ತು, ಆಸೆಯಿರಲಿಲ್ಲ. ಎರಡು ವರ್ಷ ಅಡುಗೆಮನೆಯಲ್ಲಿ ಕೂತು ಓದಿದ್ದು ತಾಯಿ. ಅಂಕಪಟ್ಟಿ ಬಂದದ್ದು ಮಗಳ ಹೆಸರಿಗೆ.

ಠಾಣೆಗೆ ಹಿಂತಿರುಗುವ ಜೀಪು ವೈಜಾಪುರ ದಾಟುವಾಗ ಗೀತಾ ಕೇಳಿದರು: "ಆ ಪೇಪರ್ ಯಾರರೆ ತಪಾಸಣಿ ಮಾಡತಾರೇನ್ರಿ? ಐದನೇ ಪ್ರಶ್ನಿ ಭಾಳ ಛಲೋ ಬರದಿದ್ದೆ."

"ಇಲ್ಲ್ರಿ. ಅದೀಗ ಸಾಕ್ಷಿ. ಸೀಲ್ ಆಗೇದ."

ಮಧುರಾ ತಾಯಿಯ ಕಡೆ ತಿರುಗಿದಳು.

"ಕೋರ್ಟಿನ್ಯಾಗ ಓದತಾರ, ಆಯಿ. ನಿನ್ನ ಹೆಸರು ಹೇಳಿ ಓದತಾರ."

ಗೀತಾ ಮಗಳ ಕೈ ಹಿಡಿದುಕೊಂಡು ಅತ್ತುಬಿಟ್ಟರು.