ಎರಡನೆಯ ಅಕ್ಷರ

ಮೊದಲ ಭೇಟಿಯಲ್ಲಿ ಅವಳಿಗೆ ಆತ ಗರ್ವಿಷ್ಠನೆನಿಸಿದ. ಬಲಬದಿಯಲ್ಲಿ ನಿಂತು ಎಷ್ಟು ಕರೆದರೂ ತಿರುಗಲಿಲ್ಲ. ಕೊನೆಗೆ ಭುಜ ತಟ್ಟಿದಳು.

"ಕಂಪ್ಯೂಟರ್ ರಿಪೇರಿಯವಳು ಬಂದಿದೀನಿ. ಕಿವಿ ಕೇಳಲ್ವಾ?"

"ಅರ್ಧ ಕೇಳುತ್ತೆ," ಆತ ನಕ್ಕ. "ಎಡಗಡೆ ಬಂದು ಬೈರಿ, ಪೂರ್ತಿ ಕೇಳ್ತೀನಿ."

ಚಲನಚಿತ್ರಗಳಿಗೆ ಧ್ವನಿ ಹದಗೊಳಿಸುವುದು ಆತನ ವೃತ್ತಿಯಾಗಿತ್ತು. ಬಲಗಿವಿ ಹಿಂದೆಯೇ ಹೋಗಿತ್ತು. ಈಗ ಎಡಗಿವಿಯ ನರದ ಮೇಲೊಂದು ಗೆಡ್ಡೆ. ಬಿಟ್ಟರೆ ಪ್ರಾಣಕ್ಕೆ ಕುತ್ತು, ತೆಗೆದರೆ ಶ್ರವಣಕ್ಕೆ. ಶಸ್ತ್ರಚಿಕಿತ್ಸೆಗೆ ಮುನ್ನ ತನ್ನ ಕೆಲಸವನ್ನೆಲ್ಲ ಮನೆಯ ಹಾಲ್‌ನಲ್ಲಿ ಒಮ್ಮೆ ಕೇಳಿಬಿಡಬೇಕೆಂಬುದು ಆತನ ಆಸೆ. ಸ್ಟುಡಿಯೋ ಮುಚ್ಚಿದಾಗ ಗುಜರಿಗೆ ಹೊರಟಿದ್ದ ಕಂಪ್ಯೂಟರುಗಳನ್ನು ಮನೆಗೆ ತಂದಿದ್ದ. ತಾನು ದುಡಿದ ಆ ಯಂತ್ರಗಳಿಂದಲೇ ಸಿನಿಮಾ ನೋಡುವ ಪೆಟ್ಟಿಗೆಯಾಗಬೇಕೆಂಬುದು ಆತನ ಹಟ.

"ಎಲ್ಲಾ ಹೆಣಗಳೂ ಸೇರಿದ್ರೆ ಒಂದು ಜೀವ ಆಗುತ್ತೆ," ಎಂದಳು ಅವಳು.

"ಆಗ್ಲಿ, ಗುಜರಿ ರಾಣಿ."

ಹಾಸಿದ ಹಳೆಯ ಬೆಡ್‌ಶೀಟಿನ ಮೇಲೆ ಒಂದರ ಮದರ್‌ಬೋರ್ಡು, ಇನ್ನೊಂದರ ಪವರ್ ಸಪ್ಲೈ, ಮತ್ತೊಂದರ ಡಬ್ಬ ಕೂಡಿಕೊಂಡವು. ಗೊರಗೊರ ಎನ್ನುವ ಹಳೆಯ ಫ್ಯಾನನ್ನು ಆತ 'ಗೊರಕೆ ಭಾವ' ಎಂದು ಕರೆದ. ಅವಳು ಅದನ್ನು ಕಿತ್ತು, ಫ್ಯಾನಿಲ್ಲದೆಯೇ ತಣ್ಣಗಿರುವಂತೆ ಅಗಲವಾದ ಲೋಹದ ರೆಕ್ಕೆಗಳನ್ನು ಕೂರಿಸಿದಳು. ಉಳಿದಷ್ಟು ಕೇಳುವಿಕೆಗೆ ಒಂದಿನಿತೂ ಗದ್ದಲ ಬೆರೆಯಕೂಡದು.

ಚಹಾ ತಂದ ಆತನ ಅಕ್ಕ ಕೆಣಕುತ್ತಿದ್ದಳು. "ಡಬ್ಬಕ್ಕೆ ಇನ್ನೂ ಹೆರಿಗೆ ಆಗ್ಲಿಲ್ವೇನಮ್ಮಾ?"

"ದಿನ ತುಂಬಿಲ್ಲ ಅಕ್ಕಾ."

ತುಂಬಿದ್ದವು. ರ‍್ಯಾಮ್ ಎಂಬ ಮೆಮೊರಿ ಪಟ್ಟಿಯೊಂದೇ ಬಾಕಿ. ಅದು ಅವಳ ಬ್ಯಾಗಿನಲ್ಲಿ, ಕರವಸ್ತ್ರದ ಮಡಿಕೆಯಲ್ಲಿತ್ತು. ಕೂರಿಸಿಬಿಟ್ಟರೆ ಈ ಮನೆಗೆ ಬರಲು ನೆಪವೆಲ್ಲಿ? ಶಸ್ತ್ರಚಿಕಿತ್ಸೆಗೆ ಇನ್ನೂ ಸಮಯವಿದೆಯಲ್ಲ ಎಂದು ಮನಸ್ಸನ್ನು ಒಪ್ಪಿಸಿಕೊಂಡಿದ್ದಳು.

ಅಂದು ಅವಳಿಗೆ ನೆಗಡಿ. "ರ‍್ಯಾಮ್ ಇದ್ದೂ ಸಿಕ್ಕಿಲ್ಲ," ಎಂದಳು.

ಆತ ಹುಬ್ಬೇರಿಸಿದ. "ಇದ್ದೂ ಸಿಕ್ಕಿಲ್ವಾ?"

"ಇದ್ದೂ ಅಲ್ಲ, ಇದ್ದೂ!" ಅವಳ ಕೆನ್ನೆ ಕೆಂಪೇರಿತು.

"ಮೂಗು ಕಟ್ಟಿದ್ರೆ 'ನ' ಸತ್ತು 'ದ' ಹುಟ್ಟುತ್ತೆ ಕಣ್ರೀ, 'ಇನ್ನೂ' ಹೋಗಿ 'ಇದ್ದೂ' ಆಗುತ್ತೆ. 'ನ' ಬದುಕೋದು ಇಲ್ಲಿ." ಆತನ ಬೆರಳು ಅವಳ ಮೂಗಿನವರೆಗೂ ಬಂದು, ಕೂದಲೆಳೆಯಷ್ಟು ದೂರದಲ್ಲಿ ನಿಂತು, ಹಿಂದೆ ಸರಿಯಿತು. ಆ ಕೂದಲೆಳೆಯನ್ನು ದಾಟುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಆ ವಾರವೇ ಆತ ಬಚ್ಚಲಲ್ಲಿ ತಲೆಸುತ್ತಿ ಬಿದ್ದ. ಗೆಡ್ಡೆ ಬೆಳೆದಿತ್ತು. ವೈದ್ಯರು ಕಾಯಲಿಲ್ಲ. ಅಕ್ಕನ ಫೋನ್ ಬಂದಾಗ ಶಸ್ತ್ರಚಿಕಿತ್ಸೆ ಮುಗಿದಿತ್ತು, ಎಡಗಿವಿಯೂ ಹೋಗಿತ್ತು.

ಆತ ಮನೆಗೆ ಮರಳಿದ ಮೇಲೆ ಅವಳು ರ‍್ಯಾಮ್ ಹಿಡಿದು ಬಂದಳು. ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಕುಳಿತಿದ್ದ ಆತನೆದುರು ಅದನ್ನು ಕೂರಿಸಿ ಸ್ವಿಚ್ ಒತ್ತಿದಳು. ಆತ ಕಣ್ಣುಮುಚ್ಚಿ ಡಬ್ಬದ ಮೇಲೆ ಅಂಗೈ ಇಟ್ಟ.

"ಸತ್ತಿದೆಯಾ?"

ಆತನ ದನಿ ಏರಿಳಿತವಿಲ್ಲದೆ ಗಟ್ಟಿಯಾಗಿತ್ತು. ಆತನ ಬೆನ್ನ ಹಿಂದೆ ಗೋಡೆಯ ಟಿ.ವಿ. ಬೆಳಗಿತ್ತು. ಆತನಿಗಾಗಿ ಅವಳು ಸಾಧಿಸಿದ ನಿಶ್ಶಬ್ದವೇ ಆತನ ಕೈಗೆ ಹೆಣವಾಗಿತ್ತು.

ಅವಳು ಗೊರಕೆ ಭಾವನನ್ನು ಹುಡುಕಿ ತಂದು ಮತ್ತೆ ಕಟ್ಟಿದಳು. ಡಬ್ಬ ನಡುಗಿತು. ಆತನ ಬೆರಳುಗಳು ಅರಳಿದವು. ಆಕಾಶಕ್ಕೆ ಶಬ್ದವೊಂದೇ ಗುಣ, ಗಾಳಿಗಾದರೋ ಶಬ್ದದೊಡನೆ ಸ್ಪರ್ಶವೂ ಉಂಟು ಎನ್ನುತ್ತದೆ ಶಾಸ್ತ್ರ. ಆಕಾಶವನ್ನು ಕಳೆದುಕೊಂಡವನಿಗೆ ಗಾಳಿಯಷ್ಟು ಉಳಿದಿತ್ತು.

ಅವಳು ಮೊಬೈಲಿನಲ್ಲಿ ಬರೆದು ತೋರಿಸಿದಳು: 'ರ‍್ಯಾಮ್ ನನ್ನ ಬ್ಯಾಗಲ್ಲೇ ಇತ್ತು.'

"ಗೊತ್ತು. ನಿಮ್ಮ ನೆಗಡಿ ನಿಜ ಹೇಳಿತ್ತು. ಡಬ್ಬ ಮುಗಿದ್ರೆ ನೀವು ಬರಲ್ಲ ಅಂತ ನಾನೂ ಬಾಯಿ ಮುಚ್ಕೊಂಡಿದ್ದೆ."

ಆತನಿಗೆ ಕೇಳುತ್ತಿದ್ದಾಗಲೇ ಆಡಬಹುದಾಗಿದ್ದ ಮಾತು ಅವಳ ಎದೆಯಲ್ಲಿ ಕಲ್ಲಾಗಿತ್ತು. ಆತನ ಅಂಗೈಯನ್ನು ತನ್ನ ಗಂಟಲ ಮೇಲಿಟ್ಟುಕೊಂಡು ಹೇಳಿದಳು.

ಆತ ತುಟಿಗಳನ್ನೇ ನೋಡುತ್ತಿದ್ದ. ಕಣ್ಣು ಮಂಜಾಯಿತು.

"ನನಗೆ... ಬೇಕು. ಅಷ್ಟು ಸಿಕ್ತು. ನಡುವಿನದ್ದು ತಪ್ಪಿತು. 'ನೀವು' ಅಂದ್ರಾ, 'ನೀನು' ಅಂದ್ಯಾ?"

ಆತ ಕಣ್ಣು ಮುಚ್ಚಿ ಬೆರಳನ್ನು ಅವಳ ಮೂಗಿನ ಮೇಲಿಟ್ಟ. ಈ ಸಲ ಕೂದಲೆಳೆಯೂ ಉಳಿಯಲಿಲ್ಲ.

"ಅದೊಂದೇ ಮಾತು. ಇನ್ನೊಂದ್ಸಲ."

ಅಳು ಉಕ್ಕಿ ಬಂತು. ಅತ್ತರೆ ಮೂಗು ಕಟ್ಟುತ್ತದೆ, 'ನ' ಸಾಯುತ್ತದೆ. ಅವಳು ಅಷ್ಟೂ ಅಳುವನ್ನು ನುಂಗಿ, ಒಮ್ಮೆ ನೀಳವಾಗಿ ಉಸಿರೆಳೆದು, ಹೇಳಿದಳು.

ಮೊದಲ ಅಕ್ಷರಕ್ಕೆ ಮೂಗು ನಡುಗಿತು. ಎರಡನೆಯದಕ್ಕೂ ನಡುಗಿತು.

"ನೀನು," ಎಂದ ಆತ, ತನಗೇ ಕೇಳಿಸದ ದನಿಯಲ್ಲಿ.