ಸಂಬಂಧವಿಲ್ಲವೆಂದು ಸಹಿ ಹಾಕಿದವನು

"ಯಾರ್ರೀ ಅದು? ಹೊರಗೆ ಹೋಗ್ರೀ!"

ಅವಳು ಕಿರುಚಿದ ರಭಸಕ್ಕೆ ಬಾಗಿಲು ತೆರೆದವನು ಬೆಚ್ಚಿಬಿದ್ದ.

ಬೇರೆ ಕಡೆಯಾಗಿದ್ದರೆ ಬಾಗಿಲು ತೆರೆಯುವುದು ಅಂಥ ದೊಡ್ಡ ಅಪರಾಧವೇನಲ್ಲ. ಆದರೆ ಇದು ಸದ್ದಿಲ್ಲದ ಕೋಣೆ. ಗೋಡೆಗೆಲ್ಲ ದಪ್ಪ ಮೆತ್ತೆ ಹೊದಿಸಿದ, ಕೂತವರಿಗೆ ತಮ್ಮ ಎದೆಬಡಿತವೇ ಕೇಳಿಸುವ ಕೋಣೆ. ಕಿವಿ ಮಂದವಾದವರಿಗೆ ಕಂಪನಿ ತಯಾರಿಸುವ ಶ್ರವಣಯಂತ್ರಗಳನ್ನು ಅವಳು ಇಲ್ಲಿ ಕೂತು ಪರೀಕ್ಷಿಸುತ್ತಿದ್ದಳು. ಬೆಳಗಿನಿಂದ ನಡೆದ ಪರೀಕ್ಷೆ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಈ ಮಹಾಶಯ ಬಂದು ಎಲ್ಲವನ್ನೂ ಮಣ್ಣುಪಾಲು ಮಾಡಿದ್ದ.

"ಕೆಂಪು ದೀಪ ಉರೀತಿರೋದು ಕಾಣ್ಸಲ್ವಾ? ಕಣ್ಣು ಮನೇಲಿ ಬಿಟ್ಟು ಬಂದಿದ್ದೀರಾ?"

ಅವನು ಎರಡೂ ಕೈಗಳನ್ನು ಕೆನ್ನೆಗಿಟ್ಟುಕೊಂಡ.

"ಅಯ್ಯೋ ನನ್ನ ಕರ್ಮವೇ! ತಪ್ಪಾಯ್ತು ತಾಯಿ, ಹೊಟ್ಟೆಗೆ ಹಾಕ್ಕೊಳ್ಳಿ!"

ಬಯ್ಯಲು ತೆರೆದ ಅವಳ ಬಾಯಿ ಹಾಗೆಯೇ ನಿಂತಿತು. ಕೋಟು ಹಾಕಿದ, ಹೊಳೆಯುವ ಬೂಟಿನ ಗಂಡಸಿನ ಬಾಯಲ್ಲಿ ಇದೆಂಥ ಮಾತು!

ಆಮೇಲೆ ಗೊತ್ತಾಯಿತು, ಅವನು ವಿದೇಶಿ ಪಾಲುದಾರ ಕಂಪನಿ ಕಳಿಸಿದ ಮುಖ್ಯ ಎಂಜಿನಿಯರ್. ಹುಟ್ಟಿ ಬೆಳೆದದ್ದೆಲ್ಲ ಹೊರದೇಶ. ಈ ಭಾಷೆ ಕಲಿಸಿದ್ದು ಮನೆಯಲ್ಲಿದ್ದ ಅಜ್ಜಿ ಒಬ್ಬಳೇ. ಹಾಗಾಗಿ ಅವನಿಗೆ ಬರುತ್ತಿದ್ದದ್ದು ಅಜ್ಜಿಯ ಮಾತುಗಳೇ! ವಾರ ಕಳೆಯುವಷ್ಟರಲ್ಲಿ ಕಾರ್ಖಾನೆಯವರೆಲ್ಲ ಅವನಿಗೆ 'ಅಜ್ಜಿ' ಎಂದೇ ಹೆಸರಿಟ್ಟಿದ್ದರು. ಅವಳಿಗಂತೂ ಮೊದಲಿನಿಂದಲೂ 'ಕಿವಿ ಮೇಡಂ' ಎಂಬ ಹೆಸರಿತ್ತು.

ಎರಡು ದೇಶಗಳ ಎರಡು ಕಂಪನಿಗಳು ಸೇರಿ ಶುರು ಮಾಡಿದ್ದ ಜಂಟಿ ಉದ್ಯಮ ಅದು. ಯಂತ್ರದೊಳಗಿನ ಚಿಪ್ ಅವರದು, ಸದ್ದನ್ನು ಸೋಸಿ ಮಾತನ್ನಷ್ಟೇ ಕಿವಿಗೆ ಮುಟ್ಟಿಸುವ ತಂತ್ರಾಂಶ ಇವರದು. ಎರಡನ್ನೂ ಕೂಡಿಸಲು ಬಂದವನು ಹೋಟೆಲು ಒಗ್ಗಲಿಲ್ಲವೆಂದು ಬಾಡಿಗೆ ಮನೆ ಹಿಡಿದ. ಆ ಮನೆಯಲ್ಲಿ ಸರಿಯಾದ ಮೇಜು ಇದ್ದದ್ದು ಅಡುಗೆಮನೆಯಲ್ಲಿ ಮಾತ್ರ. ಸಂಜೆಯಾದರೆ ಲ್ಯಾಪ್‌ಟಾಪು ಅಲ್ಲಿ. ಯಾವ ವಿನ್ಯಾಸ ಇಟ್ಟುಕೊಳ್ಳಬೇಕು, ಯಾವುದನ್ನು ಕೈಬಿಡಬೇಕು, ಯಾವ ತಿಂಗಳು ಎಷ್ಟು ಚಿಪ್ ಬರಬೇಕು... ಎಲ್ಲವನ್ನೂ ಅವನು ಆ ಮೇಜಿನ ಮುಂದೆ ಕೂತು ತೀರ್ಮಾನಿಸಿ ತನ್ನ ದೇಶಕ್ಕೆ ಫೋನಿನಲ್ಲಿ ಹುಕುಂ ಮಾಡುತ್ತಿದ್ದ.

ಎದುರಿಗೆ ಅವಳು ಈರುಳ್ಳಿ ಹೆಚ್ಚುತ್ತಿದ್ದಳು.

ಪರೀಕ್ಷೆಯ ಫಲಿತಾಂಶ ಹೇಳಲು ಹೋದವಳು ಊಟಕ್ಕೆ ನಿಂತಳು. ಊಟಕ್ಕೆ ನಿಂತವಳು ಹರಟೆಗೆ ಕೂತಳು. ಪ್ರೀತಿಗೆ ಇನ್ನೇನು ಬೇಕು ಹೇಳಿ?

"ನಾನು ಇಲ್ಲೇ ಇದ್ದುಬಿಡ್ಲಾ?" ಎಂದು ಅವನು ಒಂದು ಸಂಜೆ ಕೇಳಿದ್ದ.

"ಇರೋದಾದ್ರೆ ಪಾತ್ರೆ ತೊಳೆಯೋದು ಕಲಿ" ಎಂದಿದ್ದಳು ಅವಳು. ಮುಖ ತಿರುಗಿಸಿಕೊಂಡು ಹೇಳಿದ್ದಳು, ಇಲ್ಲದಿದ್ದರೆ ಕಣ್ಣೇ ಎಲ್ಲವನ್ನೂ ಹೇಳಿಬಿಡುತ್ತಿತ್ತು.

ಆ ವರ್ಷವೇ ಎಲ್ಲ ಕೆಟ್ಟಿತು.

ತಂತ್ರಾಂಶವೂ ತನ್ನದೇ ಎಂದು ವಿದೇಶಿ ಕಂಪನಿ ವರಾತ ತೆಗೆಯಿತು. ಚಿಪ್ ಬರುವುದು ನಿಂತಿತು. ಅವನಿಗೆ ಕೂಡಲೇ ವಾಪಸು ಬರಲು ಅಪ್ಪಣೆಯಾಯಿತು. ವಕೀಲರು ಎರಡೂ ಕಡೆಯವರ ಬಾಯಿಗೆ ಬೀಗ ಹಾಕಿದರು: ಕೇಸು ಮುಗಿಯುವ ತನಕ ಆ ಕಡೆಯವರು ಈ ಕಡೆಯವರೊಂದಿಗೆ ಮಾತಾಡುವಂತಿಲ್ಲ. ಫೋನೂ ಇಲ್ಲ, ಮೆಸೇಜೂ ಇಲ್ಲ.

ಅವನು ಅದನ್ನು ಚಾಚೂ ತಪ್ಪದೆ ಪಾಲಿಸಿದ.

ಒಂದೇ ಒಂದು ಮಾತು... 'ಹೇಗಿದ್ದೀಯ' ಅಂತ ಒಂದು ಮಾತು ಕಳಿಸಿದ್ದರೆ ಆಕಾಶ ಕಳಚಿ ಬೀಳುತ್ತಿತ್ತೇ?

ಎರಡು ಕೋಣೆಯ ಮನೆಯಲ್ಲಿ ಅವಳು ಒಬ್ಬಳೇ. ಇದ್ದ ಒಬ್ಬ ಅಕ್ಕ ಬೇರೆ ಊರಿನಲ್ಲಿ. ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಕಾವಲಿನವನಿಗೆ ನಮಸ್ಕಾರ ಹೇಳಲು ಬಾಯಿ ತೆರೆದರೆ ಗಂಟಲು ಕರಕರ ಎನ್ನುತ್ತಿತ್ತು. ಶನಿವಾರ ಸಂಜೆಯಿಂದ ಅವಳು ಯಾರೊಂದಿಗೂ ಮಾತೇ ಆಡಿರುತ್ತಿರಲಿಲ್ಲ. ಅವನಿದ್ದ ಮನೆಗೆ ಯಾರೋ ಹೊಸಬರು ಬಂದು ಹಸಿರು ಪರದೆ ಹಾಕಿದ್ದರು. ಆ ಬೀದಿಯನ್ನು ತಪ್ಪಿಸಲು ಅವಳು ಸುತ್ತುಹಾದಿ ಹಿಡಿದು ಮನೆ ಸೇರುತ್ತಿದ್ದಳು.

"ಮರೆತುಬಿಡೇ" ಎನ್ನುತ್ತಿದ್ದಳು ಅಕ್ಕ ಫೋನಿನಲ್ಲಿ. "ಊರು ಕೇರಿ ಗೊತ್ತಿಲ್ಲದವನು. ಕೈ ಕೊಟ್ಟು ಹೋದ ಅಷ್ಟೆ."

ಅವಳು ಹೂಂ ಎನ್ನುತ್ತಿದ್ದಳು. ಮರೆಯುವುದು ಹೂಂ ಎಂದಷ್ಟು ಸುಲಭವೇ?

ಅವಳ ಕಂಪನಿ ಇಲ್ಲಿಯ ಕೋರ್ಟಿನಲ್ಲಿ ದಾವೆ ಹೂಡಿತು. ವಿದೇಶಿ ಕಂಪನಿ ಮೊದಲ ದಿನವೇ ತಕರಾರು ತೆಗೆಯಿತು: 'ನಮ್ಮ ವ್ಯವಹಾರವೆಲ್ಲ ನಮ್ಮ ದೇಶದಲ್ಲಿ. ನಿಮ್ಮಲ್ಲಿ ನಮ್ಮ ಕಚೇರಿಯೂ ಇಲ್ಲ, ತೀರ್ಮಾನ ಮಾಡುವ ಅಧಿಕಾರಿಯೂ ಇರಲಿಲ್ಲ. ನಮ್ಮನ್ನು ವಿಚಾರಿಸುವ ಅಧಿಕಾರ ನಿಮ್ಮ ಕೋರ್ಟಿಗಿಲ್ಲ.' ಅದು ನಿಜವೆಂದಾದರೆ ಅವರ ದೇಶಕ್ಕೇ ಹೋಗಿ ದಾವೆ ಹೂಡಬೇಕು. ಅವಳ ಪುಟ್ಟ ಕಂಪನಿಗೆ ಆ ತಾಕತ್ತು ಎಲ್ಲಿಂದ ಬರಬೇಕು? ಬಾಗಿಲು ಹಾಕುವುದೊಂದೇ ದಾರಿ.

ಒಂದು ದಿನ ಕಂಪನಿಯ ವಕೀಲಮ್ಮ ಅವಳನ್ನು ಕರೆದು ಒಂದು ಹಾಳೆ ಮುಂದಿಟ್ಟರು. ಅವನ ಅಫಿಡವಿಟ್ಟು.

'ನಾನು ಅಲ್ಲಿಗೆ ಸಲಹೆ ಕೊಡಲು ಹೋಗಿ ಬರುತ್ತಿದ್ದ ಅತಿಥಿ ಮಾತ್ರ. ಅಲ್ಲಿ ಯಾವ ತೀರ್ಮಾನವನ್ನೂ ಕೈಗೊಂಡಿಲ್ಲ. ಅಲ್ಲಿ ನನಗೆ ಮನೆಯಾಗಲಿ, ಆಪ್ತರಾಗಲಿ, ಯಾವ ಸಂಬಂಧವಾಗಲಿ ಇರಲಿಲ್ಲ.'

ಕೆಳಗೆ ಅವನದೇ ಸಹಿ.

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಅತಿಥಿ! ಆಪ್ತರಿಲ್ಲ! ಹಾಗಾದರೆ ನಾನು ಯಾರು?

"ಅವ್ರು ಇಲ್ಲಿಂದ್ಲೇ ತೀರ್ಮಾನ ಮಾಡ್ತಿದ್ರು ಅನ್ನೋದಕ್ಕೆ ಒಬ್ಬರಾದ್ರೂ ಸಾಕ್ಷಿ ಬೇಕು" ಎಂದರು ವಕೀಲಮ್ಮ. "ಕಾರ್ಖಾನೇಲಿ ಅವ್ರು ಯಾರೆದುರಿಗೂ ಬಾಯಿ ಬಿಡ್ತಿರಲಿಲ್ವಂತೆ. ಎಲ್ಲಾ ಮನೇಲೇ ಅಂತೆ. ಮನೇಲಿ ಯಾರಿದ್ರೋ ಏನೋ..."

ಅವಳು ಹಾಳೆಯನ್ನು ಮಡಚಿ ವಕೀಲಮ್ಮನ ಮುಂದಿಟ್ಟಳು.

"ನಾನಿದ್ದೆ ಮೇಡಂ."

ಸಾಕ್ಷಿ ಹೇಳುವ ದಿನ ಕೋರ್ಟಿನ ಬೆಂಚಿನ ಮೇಲೆ ಅವನು ಕೂತಿದ್ದ. ಇಳಿದುಹೋಗಿದ್ದ. ಅಂಗಿಯ ಕತ್ತುಪಟ್ಟಿ ಸಡಿಲವಾಗಿತ್ತು. ಅವಳು ಕಟಕಟೆ ಹತ್ತುವುದನ್ನು ಕಂಡವನ ಮುಖ ಬಿಳಿಚಿಕೊಂಡಿತು.

'ಹೆದರಿದ' ಎಂದುಕೊಂಡಳು ಅವಳು. 'ಹೆದರಲಿ!'

ಅವಳು ನೋಡಿದ್ದನ್ನೆಲ್ಲ ಕಡ್ಡಿ ತುಂಡು ಮಾಡಿದಂತೆ ಹೇಳಿದಳು. ಮೇಜು, ಫೋನು, ಯಾವ ವಿನ್ಯಾಸವನ್ನು ಯಾವಾಗ ಕೈಬಿಟ್ಟ ಎಂಬುದು, ಎಲ್ಲ. ನಂತರ ವಿದೇಶಿ ಕಂಪನಿಯ ವಕೀಲರು ಪಾಟೀಸವಾಲಿಗೆ ಎದ್ದರು. ಮುಖದಲ್ಲಿ ನಗೆಯಿತ್ತು.

"ದಿನಾ ಸಂಜೆ ಒಬ್ಬ ಗಂಡಸಿನ ಅಡುಗೆಮನೇಲಿ ನೀವು ಏನು ಮಾಡ್ತಿದ್ರಿ ಅಮ್ಮಾ?"

ಹಿಂದಿನ ಬೆಂಚಿನಿಂದ ಕಿಸಕ್ಕೆಂಬ ಸದ್ದು ಬಂತು. ನ್ಯಾಯಾಧೀಶರು ಗಡಿಯಾರ ನೋಡಿದರು.

"ಊಟ ಆದಮೇಲೆ ಉತ್ತರ ಕೊಡಿ. ಸಾಕ್ಷಿ ಅರ್ಧದಲ್ಲಿದೆ, ಅಲ್ಲಿವರೆಗೆ ನೀವು ಯಾರ ಜೊತೆಗೂ ಮಾತಾಡೋ ಹಾಗಿಲ್ಲ."

ಕ್ಯಾಂಟೀನಿನಲ್ಲಿ ಅವಳು ಮೂಲೆಯ ಮೇಜಿನಲ್ಲಿ ಕೂತಳು. ಅವಳ ಕಂಪನಿಯವರೆಲ್ಲ ಬೇಕೆಂದೇ ಬೆನ್ನು ಹಾಕಿ ಕೂತಿದ್ದರು. ವಕೀಲಮ್ಮ ಕಣ್ಣೆತ್ತಿಯೂ ನೋಡಲಿಲ್ಲ. ನಿಯಮವೇ ಹಾಗೆ, ಯಾರದೂ ತಪ್ಪಿಲ್ಲ. ಆದರೂ ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಇಡೀ ವರ್ಷ ಹೀಗೆಯೇ ಕಳೆಯಿತಲ್ಲ! ಸುತ್ತ ಜನ, ಮಾತಾಡಲು ಒಬ್ಬರಿಲ್ಲ.

ಆಚೆ ತುದಿಯಲ್ಲಿ ಅವನೂ ಒಬ್ಬನೇ ಕೂತಿದ್ದ. ಅವಳತ್ತಲೇ ನೋಡುತ್ತಿದ್ದ. ಒಮ್ಮೆ ಎದ್ದು ನಿಂತ. ಅವನ ವಕೀಲರು ತೋಳು ಹಿಡಿದು ಕೂರಿಸಿದರು.

'ಯಾಕೆ ಎದ್ದ ಇವನು? ಸಾಕ್ಷಿ ಬೇಡ ಅನ್ನೋದಕ್ಕಾ? ಬಾಯಿ ಮುಚ್ಚಿಕೋ ಅನ್ನೋದಕ್ಕಾ?'

ಆ ಮನೆಗೆ ತಾನು ಹೋಗಿಯೇ ಇಲ್ಲವೆಂದು ಮಾತು ತಿರುಗಿಸಿದರೆ ತನ್ನ ಮಾನ ಉಳಿದೀತು. ಆದರೆ ಕಂಪನಿ ಮುಳುಗುತ್ತದೆ. ಜೊತೆಗೆ ಆ ಸಂಜೆಗಳೂ! ಅವನು ಒಮ್ಮೆ ಇಲ್ಲವೆಂದಿದ್ದಾನೆ, ತಾನೂ ಇಲ್ಲವೆಂದರೆ ಅವು ನಡೆದೇ ಇಲ್ಲ ಎಂದಾಗಿಬಿಡುತ್ತದೆ.

ಅವಳು ಮತ್ತೆ ಕಟಕಟೆ ಹತ್ತಿ ವಕೀಲರ ಮುಖ ನೋಡಿದಳು.

"ಈರುಳ್ಳಿ ಹೆಚ್ಚುತ್ತಿದ್ದೆ ಸಾರ್. ಅವರಿಗೆ ಅಡುಗೆ ಮಾಡೋಕೆ. ನಾನು ಅವರನ್ನ ಪ್ರೀತಿಸ್ತಿದ್ದೆ."

ವಕೀಲರು ಕೋಟು ಸರಿಪಡಿಸಿಕೊಂಡರು.

"ಓಹೋ! ಹಾಗಾದ್ರೆ ಅವರು ಬಿಟ್ಟು ಹೋದ ಸಿಟ್ಟಿಗೆ ಈ ಕಥೆ ಕಟ್ಟಿದ್ದೀರಿ?"

"ಸಿಟ್ಟಿದೆ ಸಾರ್. ಬೇಕಾದಷ್ಟಿದೆ. ಆದ್ರೆ ನನಗೆ ಸಿಟ್ಟು ಬಂತು ಅಂತ ಆ ಅಡುಗೆಮನೆ ಮಾಯ ಆಗಲ್ಲ!"

ವಕೀಲರು ತಮ್ಮ ಕಾಗದ ಮಡಚಿ ಕೂತರು.

ಮುಂದಿನ ಸರದಿ ಅವನದು. ಅವನ ಕಡೆಯ ವಕೀಲರು ಅಫಿಡವಿಟ್ಟನ್ನು ಅವನ ಕೈಗಿತ್ತರು.

"ಇದರಲ್ಲಿರೋದು ನಿಮ್ಮ ಸಹಿ ತಾನೇ?"

"ಸಹಿ ನನ್ನದು. ಬರೆದಿರೋದು ಸುಳ್ಳು."

ವಕೀಲರ ಕೈಯ ಪೆನ್ನು ಕೆಳಗೆ ಬಿತ್ತು. ನ್ಯಾಯಾಧೀಶರು ಕನ್ನಡಕ ತೆಗೆದರು.

"ಯೋಚಿಸಿ ಮಾತಾಡಿ. ಸುಳ್ಳು ಪ್ರಮಾಣ ಮಾಡಿದ್ರೆ ಶಿಕ್ಷೆ ಇದೆ."

"ಗೊತ್ತು ಸ್ವಾಮಿ. ತೀರ್ಮಾನ ಎಲ್ಲಾ ನಾನೇ ಮಾಡಿದ್ದು. ಆ ಅಡುಗೆಮನೇಲೇ ಮಾಡಿದ್ದು. ಅದನ್ನ ಒಪ್ಪಿಕೊಂಡರೆ ಅಲ್ಲಿ ಇನ್ಯಾರಿದ್ರು ಅಂತ ಕೇಳ್ತೀರಿ. ಇವಳನ್ನ ಇಲ್ಲಿ ನಿಲ್ಲಿಸ್ತೀರಿ. ಈಗ ಎಲ್ಲರೂ ನಕ್ಕರಲ್ಲ, ಹಾಗೆ ನಗ್ತೀರಿ. ನನಗೆ ಮನೇನೇ ಇರಲಿಲ್ಲ, ಯಾರೂ ಇರಲಿಲ್ಲ ಅಂದುಬಿಟ್ಟರೆ ಇವಳ ಗೋಜಿಗೆ ಯಾರೂ ಬರಲ್ಲ ಅಂದ್ಕೊಂಡೆ..."

ಅವನು ಅವಳತ್ತ ಕೈ ತೋರಿಸಿದ.

"ಇವಳೇ ಬಂದು ನಿಲ್ತಾಳೆ ಅಂತ ನಂಗೇನು ಗೊತ್ತಿತ್ತು ಸ್ವಾಮಿ!"

ಅವಳು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳನ್ನು ಉಳಿಸಲು ಅವನು ಸುಳ್ಳು ಹೇಳಿದ್ದ. ಆ ಸುಳ್ಳಿನಿಂದ ನೊಂದೇ ಅವಳು ಇಲ್ಲಿಗೆ ಬಂದು ನಿಂತಿದ್ದಳು! ಇಬ್ಬರು ದಡ್ಡರು... ಒಬ್ಬರನ್ನೊಬ್ಬರು ಒಂದು ಮಾತು ಕೇಳಲಾಗದ ದಡ್ಡರು.

ಕೆಲವು ವಾರಗಳ ನಂತರ ಆದೇಶ ಬಂತು. ವಿದೇಶಿ ಕಂಪನಿ ತನ್ನ ವ್ಯವಹಾರವನ್ನು ಇಲ್ಲಿಂದಲೇ ನಡೆಸಿದೆ, ಆದ್ದರಿಂದ ಈ ಕೋರ್ಟು ಈ ವ್ಯಾಜ್ಯವನ್ನು ವಿಚಾರಿಸಬಹುದು. ಅವಳ ಕಂಪನಿಯವರು ಕುಣಿದಾಡುವುದೊಂದು ಬಾಕಿ. ಅವನ ಕೆಲಸ ಮಾತ್ರ ಸಾಕ್ಷಿ ಹೇಳಿದ ದಿನವೇ ಹೋಗಿತ್ತು. ಸುಳ್ಳು ಪ್ರಮಾಣದ ವಿಚಾರಣೆ ಬೇರೆ ಎದುರಿಗಿತ್ತು.

ಕೋರ್ಟಿನ ಮೆಟ್ಟಿಲ ಮೇಲೆ ಬಿಸಿಲಿತ್ತು. ಅವನು ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದ. ಈಗ ಅವನು ಯಾವ ಕಡೆಯವನೂ ಅಲ್ಲ, ಆದೇಶ ಬಂದಮೇಲೆ ಸಾಕ್ಷಿಗಳ ಮೇಲಿನ ನಿರ್ಬಂಧವೂ ಇಲ್ಲ, ಮಾತಾಡಲು ಯಾರ ಅಡ್ಡಿಯೂ ಇಲ್ಲ. ಅವಳು ಎರಡು ಮೆಟ್ಟಿಲು ಮೇಲೆಯೇ ನಿಂತಳು.

ಅವಳೇ ಮೊದಲು ಸಿಡಿದಳು.

"ನನ್ನನ್ನ ಉಳಿಸೋಕೆ ನಾನೇ ಇಲ್ಲ ಅಂತ ಬರೆದುಬಿಟ್ಟೆಯಲ್ಲೋ! ನಗುವವರು ನಗ್ಲಿ, ನಾನು ತಡ್ಕೋತಿದ್ದೆ. ನೀನು ಇಲ್ಲ ಅಂದದ್ದನ್ನ ತಡ್ಕೊಳ್ಳೋಕಾಗ್ಲಿಲ್ಲ. ಒಂದು ವರ್ಷ ಹೇಗಿದ್ದೆ ಗೊತ್ತಾ? ಗೋಡೆ ಜೊತೆ ಮಾತಾಡ್ತಿದ್ದೆ ಕಣೋ..."

ಮುಂದಿನದೆಲ್ಲ ಅಳುವಾಯಿತು.

ಅವನು ಎದ್ದು ಹತ್ತಿರ ಬಂದ. "ತಪ್ಪಾಯ್ತು. ದೊಡ್ಡ ತಪ್ಪಾಯ್ತು. ಅಲ್ಲಿ ನಾನೂ..." ಎಂದವನು ಮಾತು ಬದಲಿಸಿದ. "ವಿಚಾರಣೆ ಮುಗಿಯೋ ತನಕ ಊರು ಬಿಡಬಾರದು ಅಂತ ಕೋರ್ಟು ಹೇಳಿದೆ" ಎಂದ.

"ಓಹೋ, ಕೋರ್ಟು ಹೇಳಿದ್ದಕ್ಕೆ ಇರ್ತೀಯಾ?"

"ಅಲ್ಲ. ನೀನು ಹೋಗು ಅನ್ನದೇ ಇದ್ರೆ ಇರ್ತೀನಿ."

ಅವಳು ಕಣ್ಣೊರೆಸಿಕೊಂಡಳು. ಚೀಲದಿಂದ ಫೋನು ತೆಗೆದು ನಂಬರು ಒತ್ತಿ ಅವನ ಕೈಗೆ ತುರುಕಿದಳು.

"ಯಾರಿಗೆ?"

"ನಮ್ಮಕ್ಕ. ಜಡ್ಜಿಗಿಂತ ಜೋರು. ಅವಳ ಹತ್ರ ಹೇಳು ನೋಡೋಣ."

ಅವನು ಫೋನನ್ನು ಕಿವಿಗಿಟ್ಟುಕೊಂಡ. ಆ ಕಡೆಯಿಂದ ಅಕ್ಕನ ದಪ್ಪ ಧ್ವನಿ ಕೇಳಿಸಿತು.

"ಯಾರಪ್ಪಾ ನೀನು? ಯಾವ ಊರು?"

ಅವನು ಅವಳ ಮುಖ ನೋಡಿದ.

"ನಿಮ್ಮ ತಂಗಿ ಎಲ್ಲಿರ್ತಾಳೋ ಅದೇ ಊರು, ಅಕ್ಕಾ."